ಸೂರಿನ ಹನಿಗೂ ಒಂದು ಶ್ರುತಿ

ಕಳೆದ ಆಷಾಢದಲ್ಲಿ ಅಕ್ಕನ ಮಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದು ಹತ್ತು ದಿನ ಉಳಿದಿದ್ದ. ಬ್ಯಾಗಿನಲ್ಲಿ ಬಟ್ಟೆಗಿಂತ ವೈರುಗಳೇ ಜಾಸ್ತಿ. ಹಗಲು ಆಫೀಸಿನ ಕೆಲಸ, ರಾತ್ರಿಯಾದರೆ ಲ್ಯಾಪ್‌ಟಾಪಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುವ ಹುಚ್ಚು. ಬ್ಯಾಂಡ್ ಇಲ್ಲ, ಕಂಪನಿ ಇಲ್ಲ, ಒಬ್ಬನೇ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಜಗಲಿ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಸೂರಿನ ಹನಿ ಬೀಳುವಲ್ಲಿ ಒಂದು ಬಕೆಟ್, ಪಕ್ಕದಲ್ಲಿ ಮೊಬೈಲ್.

"ಎಂತ ಮಾರಾಯ ಇದು?" ಅಂದರು ಅಮ್ಮ.

"ಟುಬುಕ್ ಅನ್ನೋ ಸದ್ದು ಬೇಕು ಅಜ್ಜಿ. ಆದ್ರೆ ಇದು ಅನ್ನೋದೇ ಇಲ್ಲ."

ಹೌದು, ಹನಿ ಬೀಳುತ್ತಿತ್ತು, ಸದ್ದೇ ಇಲ್ಲ. ಅವನು ಮೊಬೈಲಿನ ಮೈಕ್ ಕೆಟ್ಟಿದೆ ಅಂದುಕೊಂಡಿದ್ದ. ಅಮ್ಮ ಬಗ್ಗಿ ನೋಡಿ, "ಅದು ಬಟ್ಟೆ ನೆನೆಸಿದ್ದ ಸೋಪಿನ ನೀರು ಕಣೋ" ಅಂದರು. ಚೆಲ್ಲಿ, ತೊಳೆದು, ಬಾವಿ ನೀರು ತುಂಬಿಸಿದ. ಟುಬುಕ್!

ಈ ಟುಬುಕ್ಕಿನ ಗುಟ್ಟು ಪೂರ್ತಿ ಬಯಲಾಗಿದ್ದು 2018ರಲ್ಲಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಅನುರಾಗ್ ಅಗರ್‌ವಾಲ್ ಮತ್ತು ಸಂಗಡಿಗರು ಹನಿ ಬೀಳುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ಗೆಳೆಯನ ಮನೆಯ ಸೋರುವ ಮಾಡು ಅಗರ್‌ವಾಲ್ ಅವರ ತಲೆಯಲ್ಲಿ ಈ ಹುಳ ಬಿಟ್ಟಿತ್ತಂತೆ. ಹನಿ ನೀರಿಗೆ ಬಡಿಯುವುದರಿಂದ ಸದ್ದು ಹುಟ್ಟುವುದಿಲ್ಲ, ಆ ಕ್ಷಣ ಹೆಚ್ಚುಕಮ್ಮಿ ಮೌನ. ಬಿದ್ದ ಜಾಗದಲ್ಲಿ ಒಂದು ಗುಳಿ ಆಗುತ್ತದೆ. ಗುಳಿ ಮುಚ್ಚಿಕೊಳ್ಳುವಾಗ ಅದರ ತಳದಲ್ಲಿ ಚಿಕ್ಕದೊಂದು ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಆ ಗುಳ್ಳೆ ಹಿಗ್ಗಿ ಕುಗ್ಗಿ ನಡುಗಿದಾಗ ಮೇಲಿನ ನೀರೂ ನಡುಗುತ್ತದೆ, ಅದು ಗಾಳಿಯನ್ನು ತಳ್ಳುತ್ತದೆ. ನಮ್ಮ ಕಿವಿಗೆ ಬರುವುದು ಅದೇ. ನೀರಿನ ಮೇಲ್ಮೈಯ ಬಿಗಿ ಕಮ್ಮಿಯಾದರೆ ಸದ್ದು ನಿಲ್ಲುತ್ತದೆ. ಸೋಪು ಮಾಡುವುದು ಆ ಕೆಲಸವನ್ನೇ. ರಾತ್ರಿ ನಲ್ಲಿ ತೊಟ್ಟಿಕ್ಕಿ ನಿದ್ದೆ ಕೆಡಿಸುತ್ತಿದ್ದರೆ ಕೆಳಗಿನ ಪಾತ್ರೆಗೆ ಒಂಚೂರು ಸೋಪು ಹಾಕಿ ನೋಡಿ.

ಗುಳ್ಳೆಯ ಗಾತ್ರಕ್ಕೂ ಸ್ವರಕ್ಕೂ ಇರುವ ಲೆಕ್ಕವನ್ನು ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲೇ ಕೊಟ್ಟಿದ್ದರು. ನೀರಿನೊಳಗೆ 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಕಂಪಿಸುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಸ್ವರ ಕೆಳಗೆ. ನಮ್ಮ ಸೂರಿನ ಹನಿಯನ್ನು ಹುಡುಗನ ಸಾಫ್ಟ್‌ವೇರ್ 1,100 ಹರ್ಟ್ಜ್ (ಸೆಕೆಂಡಿಗೆ 1,100 ಕಂಪನ) ಆಸುಪಾಸು ತೋರಿಸಿತು. ಅಂದರೆ ಗುಳ್ಳೆ ಕಾಳುಮೆಣಸಿಗಿಂತ ಒಂಚೂರು ದಪ್ಪ ಇರಬೇಕು. ಹಾರ್ಮೋನಿಯಂ ಲೆಕ್ಕದಲ್ಲಿ ಇದು ಕರಿ ಒಂದು ಅನ್ನೋ ಶ್ರುತಿಗೆ ತೀರಾ ಹತ್ತಿರ. ನನಗೆ ರೋಮಾಂಚನ. ಅವನಿಗೆ ಮಾತ್ರ ಚಿಂತೆ, ಹನಿಯ ಹಿನ್ನೆಲೆಯಲ್ಲಿ ಮಳೆಯ ಸೊರ್ರ್ ಅನ್ನೋ ಸದ್ದು ಸೇರಿಕೊಂಡಿತ್ತು.

ಮಳೆಯ ಸದ್ದನ್ನು ಬೇರ್ಪಡಿಸುವುದು ಸುಲಭವಲ್ಲ. ಹೆಂಚಿನ ಮೇಲೆ, ಅಡಿಕೆ ಸೋಗೆಯ ಮೇಲೆ, ಕೆಸರಿನ ಮೇಲೆ ಸಾವಿರಾರು ಹನಿ ತಾಳಮೇಳವಿಲ್ಲದೆ ಬೀಳುತ್ತವೆ. ತಗ್ಗಿನ ಕಂಪನ, ಎತ್ತರದ ಕಂಪನ ಎಲ್ಲವೂ ಅದರಲ್ಲಿ ಇರುತ್ತವೆ. ಜೀರುಂಡೆಯಾದರೆ ಒಂದಿಷ್ಟು ಕಿರಿದಾದ ಪಟ್ಟಿಯಲ್ಲಿ ಕಿರುಚುತ್ತದೆ, ಅಷ್ಟನ್ನು ಕತ್ತರಿಸಬಹುದು. ಮಳೆಯನ್ನು ಕತ್ತರಿಸಲು ಹೋದರೆ ಹನಿಯೂ ಹೋಗುತ್ತದೆ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲೂ ಗದ್ದಲ ಕಳೆಯುವ ಸೌಲಭ್ಯ ಇದೆ. ಜಾಸ್ತಿ ಬಳಸಿದರೆ ಹಾಡುವವರು ಬಾವಿಯೊಳಗೆ ಮುಳುಗಿ ಹಾಡಿದ ಹಾಗೆ ಕೇಳುತ್ತದೆ.

ಮೈಕನ್ನು ಹತ್ತಿರ ಒಯ್ಯುವುದೇ ವಾಸಿ. ಎರಡು ಅಡಿ ದೂರದಿಂದ ಅರ್ಧ ಅಡಿಗೆ ತಂದರೆ ಹನಿಯ ಸದ್ದು 12 ಡೆಸಿಬಲ್‌ನಷ್ಟು ಏರುತ್ತದೆ. ಸುತ್ತಲೂ ಇರುವ ಮಳೆ ಮಾತ್ರ ಇದ್ದಷ್ಟೇ ಇರುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಅಂತಾರಲ್ಲ, ಇನ್ನೊಂದು ದಾರಿ ಆ ಗಾದೆಯಲ್ಲೇ ಇದೆ. ಮಳೆ ಬಿಟ್ಟ ಮೇಲೂ ಹತ್ತು ನಿಮಿಷ ಸೂರು ತೊಟ್ಟಿಕ್ಕುತ್ತಿತ್ತು. ಹುಡುಗ ಅಷ್ಟರಲ್ಲಿ ಮುಗಿಸಿಕೊಂಡ.

ಈಗ ಆ ಟುಬುಕ್ ಬರೀ ಅಂಕಿಗಳ ಸಾಲು. ಸೀಡಿ ಕಾಲದಿಂದ ಬಂದ ಪದ್ಧತಿಯಂತೆ ಸೆಕೆಂಡಿಗೆ 44,100 ಸಲ ಗಾಳಿಯ ಒತ್ತಡವನ್ನು ಅಳೆದು ಬರೆದಿಡುತ್ತಾರೆ. ಯಾಕೆ ಅಷ್ಟು? ನಮ್ಮ ಕಿವಿ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ ಕೇಳುತ್ತದೆ. ಒಂದು ಕಂಪನವನ್ನು ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಕಾಲು ಸೆಕೆಂಡಿನ ನಮ್ಮ ಹನಿ 11,025 ಅಂಕಿ ಆಯಿತು. ಆ ಅಂಕಿಗಳನ್ನು ಎರಡು ಪಟ್ಟು ವೇಗದಲ್ಲಿ ಓದಿದರೆ ಸ್ವರ ಒಂದು ಸ್ಥಾಯಿ ಮೇಲೆ. ಹಾರ್ಮೋನಿಯಂನ ಪಕ್ಕದ ಮನೆ, ಅಂದರೆ ಪಕ್ಕದ ಕೀ, ಬೇಕಿದ್ದರೆ ವೇಗವನ್ನು 1.0595ರಿಂದ ಗುಣಿಸಿದರೆ ಸಾಕು. ಹನ್ನೆರಡು ಸಲ ಗುಣಿಸಿದರೆ ಹೆಚ್ಚುಕಮ್ಮಿ ಎರಡು. ಮಧ್ಯಾಹ್ನ ಊಟದ ಹೊತ್ತಿಗೆ ಒಂದೇ ಹನಿಯಿಂದ ಪೂರ್ತಿ ಕೀಬೋರ್ಡ್ ತಯಾರು. ಕೆಳಗಿನ ಮನೆಗಳಲ್ಲಿ ಹನಿ ಎಳೆದೆಳೆದು ಬೀಳುತ್ತದೆ, ಯಾಕೆಂದರೆ ಓದುವುದೇ ನಿಧಾನ. ಅಲ್ಲಿ ಅದು ಹನಿಯೇ ಅಲ್ಲ, ಕಾಡಿನ ಯಾವುದೋ ಪ್ರಾಣಿ.

ಇದಕ್ಕೆಲ್ಲ ಅವನು ಖರ್ಚು ಮಾಡಿದ್ದು ಸೊನ್ನೆ. ಹಾಡು ಕಟ್ಟುವ ಸಾಫ್ಟ್‌ವೇರ್ ಎಲ್‌ಎಂಎಂಎಸ್ ಉಚಿತ, ಹೊಸ ಸದ್ದು ಹುಟ್ಟಿಸುವ ವೈಟಲ್ ಅನ್ನೋ ಸಿಂಥಸೈಜರಿನಲ್ಲೂ ಉಚಿತದ ಆವೃತ್ತಿ ಇದೆ. ದುಬಾರಿ ಸಲಕರಣೆಯ ಮಾತು ಬಂದಾಗ ನಾನು ಅಟ್ಟ ತೋರಿಸಿದೆ. ಅಡಿಕೆ ಚೀಲಗಳ ನಡುವೆ ಕೂತು, ಬೆನ್ನ ಹಿಂದೆ ಕಂಬಳಿ ನೇತುಹಾಕಿ ಹಾಡಿದ. ಪ್ರತಿಧ್ವನಿ ಮಾಯ! ಆದರೆ ಕಂಬಳಿಗೆ ಒಂದು ಮಿತಿ ಇದೆ. 10,000 ಹರ್ಟ್ಜ್ ಅಲೆಯ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ಕಂಬಳಿ ಅದನ್ನು ನುಂಗುತ್ತದೆ. 100 ಹರ್ಟ್ಜ್ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ, ಅದಕ್ಕೆ ಕಂಬಳಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ದಪ್ಪ ದಪ್ಪ ಚೀಲಗಳು ಅಲ್ಪಸ್ವಲ್ಪ ತಡೆಯುತ್ತವೆ.

ಊರಿನಲ್ಲಿ ಮದ್ದಳೆ ನುಡಿಸುವ ಹುಡುಗನೊಬ್ಬ ಅಟ್ಟಕ್ಕೆ ಬಂದ. ಹೆಡ್‌ಫೋನಿನಲ್ಲಿ ತನ್ನದೇ ಮದ್ದಳೆ ಕೇಳುತ್ತಾ ಎರಡೇ ಪೆಟ್ಟು ಹಾಕಿ, "ಇದು ಹಿಂದೆ ಬೀಳ್ತದೆ" ಅಂದ. ಕಿವಿ ಅಂದರೆ ಅದು! ಕಂಪ್ಯೂಟರ್ ಸದ್ದನ್ನು ಕಂತು ಕಂತಾಗಿ ಒಟ್ಟುಮಾಡಿ ಕೊಡುತ್ತದೆ. ಕಂತಿಗೆ 1,024 ಅಂಕಿ ಇಟ್ಟರೆ ಒಂದು ಕಂತಿಗೇ 23 ಮಿಲಿಸೆಕೆಂಡ್ ತಡ. ತನ್ನ ಮದ್ದಳೆಯನ್ನು ತಾನೇ ಎಂಟು ಮೀಟರ್ ದೂರದಿಂದ ಕೇಳಿದ ಹಾಗೆ. 128ಕ್ಕೆ ಇಳಿಸಿದ ಮೇಲೆ ಸರಿಹೋಯಿತು, ಹಳೇ ಲ್ಯಾಪ್‌ಟಾಪ್ ಮಾತ್ರ ಫ್ಯಾನ್ ಜೋರು ಮಾಡಿ ಗೊಣಗಿತು. ಬ್ಲೂಟೂತ್ ಹೆಡ್‌ಫೋನಿನಲ್ಲಿ ತಡ ಇನ್ನೂ ಎಷ್ಟೋ ಪಟ್ಟು. ರೆಕಾರ್ಡಿಂಗಿಗೆ ವೈರಿನದ್ದೇ ಬೇಕು.

ಹಾಡು ಸಿದ್ಧವಾದ ಮೇಲೆ ನಮ್ಮಿಬ್ಬರಿಗೂ ಜಗಳ. ಅವನು ಮೆಲುದನಿ, ಜೋರುದನಿಗಳ ಅಂತರವನ್ನು ಹಿಂಡಿ ಎಲ್ಲವನ್ನೂ ಜೋರು ಮಾಡಿದ್ದ. "ಬೇರೆಯವರ ಹಾಡಿನ ಪಕ್ಕ ಸಪ್ಪೆ ಅನ್ನಿಸಬಾರದಲ್ಲ ಮಾವ." ಆದರೆ ಸ್ಪಾಟಿಫೈ, ಯೂಟ್ಯೂಬ್ ಹಾಡಿನ ಸರಾಸರಿ ಜೋರನ್ನು ಅಳೆಯುತ್ತವೆ. ಅಳತೆಯ ಹೆಸರು ಲಫ್ಸ್, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಅವರು ಇಟ್ಟುಕೊಂಡ ಮಟ್ಟ ಮೈನಸ್ 14ರ ಆಸುಪಾಸು. ನೀವು ಮೈನಸ್ 8ಕ್ಕೆ ಹಿಂಡಿ ಕಳಿಸಿದರೆ ಅವರು 6 ಡೆಸಿಬಲ್ ಇಳಿಸಿ ಕೇಳಿಸುತ್ತಾರೆ. ಜೋರೂ ಉಳಿಯಲಿಲ್ಲ, ಹಿಂಡಿದಾಗ ಚಪ್ಪಟೆಯಾದ ಟುಬುಕ್ಕೂ ವಾಪಸ್ ಬರಲಿಲ್ಲ. ಎರಡು ಆವೃತ್ತಿಯನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿಸಿದೆ. ಸುಮ್ನೆ ಕೂತು ಎರಡು ಸಲ ಕೇಳಿದ, ಹಿಂಡಿದ್ದನ್ನು ಅಳಿಸಿದ.

ಮೂರು ನಿಮಿಷದ ಹಾಡು, 32 ಎಂಬಿ. ನಮ್ಮ ಗುಡ್ಡದ ನೆಟ್‌ವರ್ಕಿನಲ್ಲಿ ಮೂರು ಸಲ ಅರ್ಧಕ್ಕೆ ನಿಂತಿತು. ಕೊನೆಗೆ ಬೈಕ್ ಹತ್ತಿ ತೀರ್ಥಹಳ್ಳಿಗೆ ಹೋಗಿ ಕಳಿಸಿ ಬಂದ.

ಕೇಳುಗರನ್ನು ಎಲ್ಲಿ ಹುಡುಕುವುದು? ಸ್ಪಾಟಿಫೈಗೆ ವಿತರಕರ ಮೂಲಕವೇ ಹೋಗಬೇಕು. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಧನದ ಲೆಕ್ಕವೇ ಇಲ್ಲ. ಹೊಸಬರಿಗೆ ಇದು ಅನ್ಯಾಯ ಅಂತಲೇ ನನ್ನ ಅನಿಸಿಕೆ. ಬ್ಯಾಂಡ್‌ಕ್ಯಾಂಪಿನಲ್ಲಿ ಹಾಡನ್ನು ನೇರ ಮಾರಬಹುದು, ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಶೇಕಡಾ 15. ಕೊಳ್ಳುವ ಇಪ್ಪತ್ತು ಜನ ಸಿಕ್ಕರೂ ಅಲ್ಲಿ ಒಂದಿಷ್ಟು ಕಾಸು ಕಾಣುತ್ತದೆ. ಯೂಟ್ಯೂಬಿನ ಕಂಟೆಂಟ್ ಐಡಿ ಯಂತ್ರ ಹಾಡುಗಳ ಬೆರಳಚ್ಚು ಹೋಲಿಸುತ್ತದೆ. ಸಾವಿರಾರು ಜನ ಬಳಸುವ ರೆಡಿಮೇಡ್ ತುಣುಕು ಹಾಕಿದವರಿಗೆ ಅಲ್ಲಿ ತಂಟೆ ಬರುವುದುಂಟು. ನಮ್ಮ ಸೂರಿನ ಹನಿಗೆ ಆ ಭಯ ಇಲ್ಲ.

ಹನಿಯನ್ನು ಮಾತ್ರ ಅವನು ಫ್ರೀಸೌಂಡಿಗೆ ಬಿಟ್ಟಿಯಾಗಿ ಹಾಕಿದ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಶುರುಮಾಡಿದ ಸದ್ದುಗಳ ಭಂಡಾರ ಅದು. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು, ಹೆಸರು ಹೇಳಬೇಕು ಅನ್ನೋದಷ್ಟೇ ಅವನ ಷರತ್ತು. "ಹಾಡಿಗಿಂತ ಮೊದಲು ಇದೇ ಊರೂರು ಸುತ್ತಬಹುದು ಮಾವ" ಅಂದ.

ಹೊರಡುವ ದಿನ ಅವನಿಗೆ ಇನ್ನೂ ದಪ್ಪ ಸ್ವರ ಬೇಕಾಗಿತ್ತು. ಸ್ಟೂಲ್ ಹತ್ತಿ ಚಮಚದಿಂದ ಬೇರೆ ಬೇರೆ ಎತ್ತರದಲ್ಲಿ ಹನಿ ಬಿಟ್ಟ. ಎಲ್ಲ ಹನಿಯೂ ಹಾಡುವುದಿಲ್ಲ. ಗಾತ್ರ ಮತ್ತು ವೇಗ ಎರಡೂ ಹದವಾಗಿ ಕೂಡಿದರೆ ಮಾತ್ರ ಗುಳ್ಳೆ ಸಿಕ್ಕುತ್ತದೆ. ಹತ್ತರಲ್ಲಿ ಒಂದು ಟೊಬುಕ್ ಅನ್ನುತ್ತಿತ್ತು. ಅಷ್ಟರಲ್ಲಿ ಅಮ್ಮ ಸೋಪಿನ ಪುಡಿ ಹಿಡಿದು ಬಂದರು.

"ಸಾಕು ಇಳಿ ಮಾರಾಯ, ಬಕೆಟ್ ಬೇಕು ನಂಗೆ."