ಎರಡು ರೌಟರ್ ಹಚ್ಚಿದ ಮ್ಯಾಲೆ ಆಫೀಸಿನ ಪ್ರಿಂಟರ್ ಯಾಕ ಸಿಗವಲ್ದು?

ಪ್ರಶ್ನೆ: ನಮಸ್ಕಾರ್ರಿ. ಗದಗಿನ್ಯಾಗ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಐತಿ. ಮುಂದ ಆಫೀಸು, ಹಿಂದ ಡಿಟಿಪಿ ಖೋಲಿ, ಅದರ ಹಿಂದ ಮಷಿನ್. ಇಂಟರ್ನೆಟ್‌ನವರು ಕೊಟ್ಟ ಫೈಬರ್ ಬಾಕ್ಸು ಮುಂದಿನ ಕೌಂಟರ್ ಹತ್ರ ಐತಿ, ಅದರ ವೈಫೈ ಹಿಂದ ಬರ್ತಿರಲಿಲ್ಲ ಅಂತ ಹೊಸಾದೊಂದು ರೌಟರ್ ತಂದು ಕೇಬಲ್ ಎಳದು ಡಿಟಿಪಿ ಖೋಲ್ಯಾಗ ಹಚ್ಚೀವಿ. ಈಗ ಎರಡೂ ಕಡೆ ನೆಟ್ ಛಲೋ ಬರತೈತಿ, ಆದ್ರ ಮುಂದ ಕುಂತು ಮೊಬೈಲಿನಿಂದ ಇಲ್ಲಾ ಬಿಲ್ಲಿಂಗ್ ಕಂಪ್ಯೂಟರಿನಿಂದ ಪ್ರಿಂಟ್ ಕೊಟ್ರ ಹಿಂದಿನ ಪ್ರಿಂಟರ್ ಸಿಗವಲ್ದು, ಶೇರ್ ಮಾಡಿದ ಫೋಲ್ಡರೂ ಕಾಣವಲ್ದು. ರೌಟರ್ ಕೆಟ್ಟದ್ದು ಬಂತೇನ್ರಿ, ವಾಪಸ್ ಕೊಡೂಣೇನು?

ಉತ್ತರ: ವಾಪಸ್ ಕೊಡಬ್ಯಾಡ್ರಿ, ರೌಟರ್ ಛಲೋನ ಐತಿ. ಅದು ತನ್ನ ಕೆಲಸ ಸರಿಯಾಗೇ ಮಾಡಾಕತ್ತೈತಿ, ನಿಮಗ ಆ ಕೆಲಸ ಬೇಕಾಗಿಲ್ಲ ಅಷ್ಟ. ನಿಮಗ ಬೇಕಾಗಿದ್ದು ಹಿಂದಿನ ಖೋಲ್ಯಾಗ ವೈಫೈ, ಅದು ಮಾಡಾಕತ್ತಿದ್ದು ಹಿಂದಿನ ಖೋಲ್ಯಾಗ ಇನ್ನೊಂದು ನೆಟ್‌ವರ್ಕ್. ಹುಬ್ಬಳ್ಳಿ, ಧಾರವಾಡ, ಹಾವೇರಿ ಎಲ್ಲಾ ಕಡೆಯಿಂದ ಈ ಒಂದು ಪ್ರಶ್ನೆ ನನಗ ಮ್ಯಾಲಿಂದ ಮ್ಯಾಲೆ ಬರತೈತಿ, ಅಂಗಡಿ ಬ್ಯಾರೆ, ಪ್ರಿಂಟರ್ ಬ್ಯಾರೆ, ಕಾರಣ ಮಾತ್ರ ಇದ. ಅದಕ್ಕ ಸ್ವಲ್ಪ ಬಿಡಿಸೇ ಬರಿತೀನಿ.

ಹಳೇ ಊರಿನ ಅಗಸಿ ನೆನಪ ಮಾಡ್ಕೊಳ್ರಿ. ಊರೊಳಗಿನವರು ಅಗಸಿ ದಾಟಿ ಹೊರಗ ಹೋಗಿ ಕೆಲಸ ಮುಗಿಸಿ ಬರ್ತಾರ, ಯಾರು ಹೋದ್ರು ಅಂತ ಅಗಸ್ಯಾಗ ಕುಂತಾಂವಗ ಗೊತ್ತಿರತೈತಿ, ವಾಪಸ್ ಬಂದಾಗ ಒಳಗ ಬಿಡ್ತಾನ. ಆದ್ರ ಹೊರಗಿನ ಗುರ್ತಿಲ್ಲದಾಂವ ತಾನಾಗೇ ಬಂದು ಇಂಥವರ ಮನಿಗೆ ಹೋಗಬೇಕು ಅಂದ್ರ ಬಿಡಂಗಿಲ್ಲ. ರೌಟರ್ ಅಂದ್ರ ಆ ಅಗಸಿ. ನಿಮ್ಮ ಮುಂದಿನ ಫೈಬರ್ ಬಾಕ್ಸು ಬರೇ ಬಾಕ್ಸ್ ಅಲ್ಲ, ಅದರೊಳಗ ಒಂದು ರೌಟರ್ ಆಗಲೇ ಐತಿ, ಅದೊಂದು ಅಗಸಿ. ನೀವು ತಂದ ಹೊಸ ರೌಟರು ಆ ಊರೊಳಗ ಇನ್ನೊಂದು ಸಣ್ಣ ಊರು ಕಟ್ಟಿ ಅದಕ್ಕ ತನ್ನದ ಒಂದು ಅಗಸಿ ಇಟ್ಕೊಂಡೈತಿ. ಹಿಂದಿನ ಕಂಪ್ಯೂಟರ್‌ಗಳು ಎರಡೂ ಅಗಸಿ ದಾಟಿ ಇಂಟರ್ನೆಟ್ಟಿಗೆ ಹೋಗಿ ಬರತಾವ, ಅದಕ್ಕ ನೆಟ್ ಛಲೋ ಐತಿ ಅಂತ ಅನಸತೈತಿ. ಮುಂದಿನ ಮೊಬೈಲು ಮಾತ್ರ ಆ ಒಳಗಿನ ಅಗಸಿಗೆ ಹೊರಗಿನಾಂವ, ಪ್ರಿಂಟರ್ ತನಕ ಅದನ್ನ ಬಿಡಂಗಿಲ್ಲ. ಇದಕ್ಕ ಕೆಲಸ ಮಾಡೋ ಹುಡುಗರು ಡಬಲ್ ನ್ಯಾಟ್ ಅಂತಾರ.

ನನ್ನ ಮಾತು ನಂಬೂಕಿಂತ ನೀವ ನೋಡ್ಕೊಳ್ರಿ, ಎರಡು ನಿಮಿಷದ ಕೆಲಸ. ಮುಂದಿನ ಬಿಲ್ಲಿಂಗ್ ಕಂಪ್ಯೂಟರಿನ್ಯಾಗ ಕಮಾಂಡ್ ಪ್ರಾಂಪ್ಟ್ ತಗದು ಇಂಗ್ಲಿಷಿನ್ಯಾಗ ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ ಎಂಟರ್ ಒತ್ತ್ರಿ, ಐಪಿವಿ4 ಅಡ್ರೆಸ್ ಅಂತ ಒಂದು ಸಾಲು ಬರತೈತಿ, ಅದರ ಕೆಳಗ ಡಿಫಾಲ್ಟ್ ಗೇಟ್‌ವೇ ಅಂತ ಇನ್ನೊಂದು, ಎರಡೂ ಚೀಟ್ಯಾಗ ಬರಕೊಳ್ರಿ. ಆಮ್ಯಾಲೆ ಡಿಟಿಪಿ ಕಂಪ್ಯೂಟರಿನ್ಯಾಗೂ ಹಂಗ ಮಾಡ್ರಿ. ಮುಂದ 192.168.1.7 ಅಂತಲೋ ಏನೋ ಬಂದು ಹಿಂದ 192.168.0.5 ಅಂತ ಬಂತು ಅಂದ್ರ, ಅಂದ್ರ ಮೂರನೇ ಅಂಕಿನ ಬ್ಯಾರೆ ಆಗಿ ಗೇಟ್‌ವೇನೂ ಬ್ಯಾರೆ ಆಯ್ತು ಅಂದ್ರ, ನಾ ಹೇಳಿದ್ದ ಖರೆ, ನಿಮ್ಮ ಪ್ರೆಸ್ಸಿನ್ಯಾಗ ಎರಡು ಊರು ಅದಾವ. ಈ 192.168 ಎಲ್ಲಾರ ಆಫೀಸಿನ್ಯಾಗೂ ಯಾಕ ಕಾಣತೈತಿ ಅಂತ ಜಗ್ಗಿ ಮಂದಿ ಕೇಳ್ತಾರ. ಇಂಟರ್ನೆಟ್ಟಿನ ನಿಯಮ ಬರೆಯೋ ಐಇಟಿಎಫ್ 1996ರಾಗ ಆರ್‌ಎಫ್‌ಸಿ 1918 ಅನ್ನೋ ದಾಖಲೆ ಹೊರಡಿಸಿ 10ರ ಸಾಲು, 172.16ರಿಂದ 172.31ರ ತನಕದ ಸಾಲು, 192.168ರ ಸಾಲು ಈ ಮೂರನ್ನ ಖಾಸಗಿ ಬಳಕೆಗೆ ಬಿಟ್ಟುಕೊಟ್ಟೈತಿ. ಯಾರ ಮನ್ಯಾಗ ಬೇಕಾದ್ರೂ ಬಳಸಬಹುದು, ಹೊರಗಿನ ಇಂಟರ್ನೆಟ್ಟಿನ್ಯಾಗ ಅವು ನಡಿಯಂಗಿಲ್ಲ.

ಈಗ ರಿಪೇರಿ. ನಿಮ್ಮಂಥ ಏಳೆಂಟು ಕಂಪ್ಯೂಟರಿನ ಪ್ರೆಸ್ಸಿಗೆ ನಾ ಹೇಳೂದು ಒಂದ, ಆಫೀಸಿಗೆ ಒಂದ ಅಗಸಿ ಇರಲಿ. ಮುಂದಿನ ಬಾಕ್ಸ್ ಯಜಮಾನ ಆಗಿರಲಿ, ಎಲ್ಲಾರಿಗೂ ಅಡ್ರೆಸ್ ಅದ ಹಂಚಲಿ, ಹಿಂದಿನ ಹೊಸ ರೌಟರ್ ಬರೇ ವೈಫೈ ಹರಡೋ ಕೆಲಸ ಮಾಡಲಿ. ಇದಕ್ಕ ಆಕ್ಸೆಸ್ ಪಾಯಿಂಟ್ ಮೋಡ್ ಅಂತಾರ, ಈಗಿನ ಬಹಳಷ್ಟು ರೌಟರಿನ್ಯಾಗ ಸೆಟ್ಟಿಂಗ್ಸ್ ಒಳಗ ಆಪರೇಷನ್ ಮೋಡ್ ಅಂತ ಒಂದು ಜಾಗಾ ಇರತೈತಿ, ಅಲ್ಲೆ ಆರಿಸಿ ಸೇವ್ ಮಾಡಿದ್ರ ರೌಟರ್ ಆಫ್ ಆಗಿ ಆನ್ ಆಗತೈತಿ, ಕೆಲಸ ಮುಗೀತು. ಸೆಟ್ಟಿಂಗ್ಸಿಗೆ ಹೋಗೋ ಅಡ್ರೆಸ್ಸು ರೌಟರ್ ಬುಡಕ ಸ್ಟಿಕರ್ ಮ್ಯಾಲೆ ಬರದಿರತೈತಿ. ಈ ಕೆಲಸ ಮಾತ್ರ ವೈಫೈ ಮ್ಯಾಲೆ ಮಾಡಬ್ಯಾಡ್ರಿ, ಲ್ಯಾಪ್‌ಟಾಪಿಗೆ ಕೇಬಲ್ ಹಚ್ಚಿ ಮಾಡ್ರಿ, ನಡುವ ವೈಫೈ ಹೋದ್ರ ಅರ್ಧಕ್ಕ ನಿಂದರತೈತಿ.

ಆ ಮೋಡ್ ಇಲ್ಲದ ರೌಟರ್ ಇದ್ರೂ ಹೆದರಬ್ಯಾಡ್ರಿ, ಕೈಲೆ ಮಾಡಬಹುದು. ಮೊದಲ ಹೊಸ ರೌಟರಿನ ಲ್ಯಾನ್ ಐಪಿ, ಅಂದ್ರ ಆಫೀಸಿನ ಒಳಗಿನ ಅದರ ಅಡ್ರೆಸ್, ಬದಲ ಮಾಡಿ ಮುಂದಿನ ಬಾಕ್ಸಿನ ಸಾಲಿಗೇ ತರಬೇಕು, ಮುಂದಿನದು 192.168.1.1 ಇದ್ರ ಇದಕ್ಕ 192.168.1.2 ಅಂತ ಕೊಡ್ರಿ, ಬಾಕ್ಸು ಆ ನಂಬರ್ ಬ್ಯಾರೆ ಯಾರಿಗೂ ಹಂಚದಂಗ ನೋಡ್ಕೊಳ್ರಿ. ಸೇವ್ ಆದ ಮ್ಯಾಲೆ ಹೊಸ ಅಡ್ರೆಸ್ಸಿನಿಂದ ಮತ್ತ ಲಾಗಿನ್ ಆಗಿ ಡಿಎಚ್‌ಸಿಪಿ ಸರ್ವರ್, ಅಂದ್ರ ಎಲ್ಲಾರಿಗೂ ಅಡ್ರೆಸ್ ಹಂಚೋ ಕೆಲಸ, ಬಂದ್ ಮಾಡ್ರಿ. ಆಮ್ಯಾಲೆ, ಇದು ಎಲ್ಲಾರೂ ಮರಿಯೋ ಹೆಜ್ಜಿ, ಮುಂದಿನಿಂದ ಬಂದ ಕೇಬಲನ್ನ ವ್ಯಾನ್ (WAN) ಪೋರ್ಟಿನಿಂದ ಕಿತ್ತು ಅದರ ಬಾಜೂಕಿನ ಯಾವದರ ಒಂದು ಲ್ಯಾನ್ ಪೋರ್ಟಿಗೆ ಹಚ್ಚಬೇಕು. ವ್ಯಾನ್ ಪೋರ್ಟ್ ಖಾಲಿ ಬಿಡ್ರಿ, ಅದಾ ಅಗಸಿ ಬಾಗಲಾ, ಅದನ್ನ ಬಳಸದಿದ್ರ ಅಗಸೀನ ಇಲ್ಲದಂಗ.

ಡಿಎಚ್‌ಸಿಪಿ ಬಂದ್ ಮಾಡೂದನ್ನ ಮರೆತು ಲ್ಯಾನಿಗೆ ಕೇಬಲ್ ಹಚ್ಚಿದ್ರ ಮಾತ್ರ ದೊಡ್ಡ ಪಜೀತಿ. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದು ಆಫೀಸಿನ್ಯಾಗ ಮುಂಜಾನೆ ಬಂದ ಅರ್ಧ ಮಂದಿಗೆ ನೆಟ್ ಬರತಿತ್ತು, ಅರ್ಧ ಮಂದಿಗೆ ಇಲ್ಲ, ಮಧ್ಯಾಹ್ನಕ್ಕ ಬರತಿದ್ದವರಿಗೂ ಹೋತು, ನಾ ಮೂರು ತಾಸು ಕೇಬಲ್ ಹಿಡಕೊಂಡು ಅಡ್ಯಾಡಿದೆ. ಕಡೀಕ ನೋಡಿದ್ರ ಒಬ್ಬ ಹುಡುಗ ಪೋರ್ಟ್ ಕಮ್ಮಿ ಬಿದ್ದಾವ ಅಂತ ಮನ್ಯಾಗಿನ ಹಳೇ ರೌಟರ್ ತಂದು ಟೇಬಲ್ ಕೆಳಗ ಸ್ವಿಚ್ ಹಂಗ ಹಚ್ಚಿದ್ದ. ಪಾಪ ಒಳ್ಳೇದಕ್ಕ ಮಾಡಿದ್ದ, ಆದ್ರ ಆ ರೌಟರ್ ತಾನೂ ಯಜಮಾನ ಅಂತ ಸಿಕ್ಕವರಿಗೆ ಅಡ್ರೆಸ್ ಹಂಚಾಕತ್ತಿತ್ತು, ಅದರ ಕಡೆಯಿಂದ ಅಡ್ರೆಸ್ ತಗೊಂಡವರಿಗೆ ಹೊರಗಿನ ದಾರಿ ಇರಲಿಲ್ಲ. ಅವತ್ತಿನಿಂದ ಯಾವ ಆಫೀಸಿಗೆ ಹೋದ್ರೂ ನಾ ಮೊದಲ ಕೇಳೂದು, ಅಡ್ರೆಸ್ ಹಂಚೋರು ಯಾರು, ಎಷ್ಟು ಮಂದಿ ಅದಾರ.

ಮುಂದಿನ ಬಾಕ್ಸನ್ನ ಬ್ರಿಜ್ ಮೋಡಿಗೆ ಹಾಕಿಸಿ, ಅಂದ್ರ ಅದರೊಳಗಿನ ರೌಟರ್ ಕೆಲಸ ಬಂದ್ ಮಾಡಿಸಿ, ಹೊಸ ರೌಟರನ್ನ ಯಜಮಾನ ಮಾಡೂದು ಇನ್ನೊಂದು ದಾರಿ, ಅವಾಗ ಇಂಟರ್ನೆಟ್‌ನವರ ಕಡೆಯಿಂದ ಪಿಪಿಪಿಒಇ ಅನ್ನೋ ಲಾಗಿನ್ನಿನ ಯೂಸರ್‌ನೇಮ್, ಪಾಸ್‌ವರ್ಡ್ ಬೇಕಾಗಬಹುದು, ಮುಂದಿನ ಬಾಕ್ಸಿನ ವೈಫೈ ಸಾಮಾನ್ಯಾಗಿ ಕೈಬಿಟ್ಟಂಗ. ಹೊರಗಿನಿಂದ ಆಫೀಸಿನ ಕಂಪ್ಯೂಟರಿಗೆ ಬರೋ ಕೆಲಸ ಇದ್ದವರಿಗೆ, ವಿಪಿಎನ್ (ಹೊರಗಿನಿಂದ ಆಫೀಸಿಗೆ ಬರೋ ಗುಪ್ತ ದಾರಿ) ಬೇಕಾದವರಿಗೆ ಅದು ಛಲೋ. ನಿಮಗ ಈಗ ಬ್ಯಾಡ.

ಪ್ರೆಸ್ಸಿನವರಿಗೆ ವೈಫೈಗಿಂತ ಕೇಬಲ್ ಮುಖ್ಯ, ಇದನ್ನ ನಾ ಒತ್ತಿ ಹೇಳ್ತೀನಿ. ಗದಗ-ಬೆಟಗೇರಿ ಅಂದ್ರ ಪ್ರೆಸ್ಸಿನ ಊರು, ಡಿಸೈನ್ ಫೈಲ್ ಎಷ್ಟು ದೊಡ್ಡದಿರತಾವ ಅಂತ ನಿಮಗ ನಾ ಹೇಳಬೇಕಾಗಿಲ್ಲ. ಡಿಟಿಪಿ ಕಂಪ್ಯೂಟರಿನಿಂದ ಮಷಿನ್ ಕಡೆ ಕಂಪ್ಯೂಟರಿಗೆ ಹೋಗೋ ಫೈಲು ಇಂಟರ್ನೆಟ್ಟಿಗೆ ಹೋಗಂಗೇ ಇಲ್ಲ, ಆಫೀಸಿನ ಒಳಗ ತಿರಗತೈತಿ, ಅದಕ್ಕ ಇಂಟರ್ನೆಟ್ ಪ್ಲಾನ್ ದೊಡ್ಡದು ಹಾಕಿಸಿದ್ರ ಆ ಫೈಲ್ ಒಂದು ಸೆಕೆಂಡೂ ಬೇಗ ಹೋಗಂಗಿಲ್ಲ. ಲೆಕ್ಕಾ ಮಾಡ್ರಿ. 2 ಜಿಬಿ ಫೈಲು 100 ಎಂಬಿಪಿಎಸ್ ಲೈನಿನ ಮ್ಯಾಲೆ ಹೋಗಾಕ ಏನೂ ಅಡ್ಡಿ ಇಲ್ಲಂದ್ರೂ 160 ಸೆಕೆಂಡ್ ಬೇಕು, ಗಿಗಾಬಿಟ್ ಲೈನಿನ ಮ್ಯಾಲೆ 16 ಸೆಕೆಂಡ್. ಗಿಗಾಬಿಟ್ ಬರಬೇಕಂದ್ರ ರೌಟರ್, ಸ್ವಿಚ್, ಕಂಪ್ಯೂಟರ್ ಮೂರರ ಪೋರ್ಟೂ ಗಿಗಾಬಿಟ್ ಇರಬೇಕು, ಕೇಬಲ್ ಕ್ಯಾಟ್ 5ಇ ಇಲ್ಲಾ ಕ್ಯಾಟ್ 6 ಇರಬೇಕು, ಅದರೊಳಗಿನ ಎಂಟೂ ತಂತಿ ಸರಿ ಕೂಡಿರಬೇಕು. 100 ಎಂಬಿಪಿಎಸ್‌ಗೆ ನಾಕ ತಂತಿ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಅದಕ್ಕ ಉಳಿದ ನಾಕರಾಗ ಒಂದು ತಂತಿ ಕನೆಕ್ಟರ್ ಒಳಗ ಸರಿ ಕೂಡದಿದ್ರ ಲೈನ್ ಬಂದ್ ಆಗೂ ಬದಲಿ ಬಹಳ ಸಲ ಗಪ್ಪನ 100ಕ್ಕ ಇಳದು ನಡಿತೈತಿ, ನೆಟ್ ಬರತೈತಲ್ಲ ಅಂತ ಯಾರೂ ನೋಡಾಕ ಹೋಗಂಗಿಲ್ಲ. ವಿಂಡೋಸಿನ್ಯಾಗ ಈಥರ್ನೆಟ್ ಸ್ಟೇಟಸ್ ತಗದು ಸ್ಪೀಡ್ ಅನ್ನೋದರ ಮುಂದ 1.0 ಜಿಬಿಪಿಎಸ್ ಐತೋ 100 ಎಂಬಿಪಿಎಸ್ ಐತೋ ನೋಡ್ರಿ. ಕನೆಕ್ಟರ್ ಹೊಸದಾಗಿ ಹಚ್ಚಬೇಕಾದ್ರ ಎರಡೂ ತುದಿಗೆ ಒಂದ ಬಣ್ಣದ ಕ್ರಮ ಇರಲಿ, ನಮ್ಮ ಕಡೆ ಹುಡುಗರು ಹೆಚ್ಚಾಗಿ ಬಳಸೂದು ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೇಬಲ್ ತಗೊಳ್ಳುಮುಂದ ಪೂರ್ತಿ ತಾಮ್ರದ್ದ ಕೇಳ್ರಿ, ಅಲ್ಯೂಮಿನಿಯಮ್ ತಂತಿಗೆ ತಾಮ್ರದ ಲೇಪ ಹಚ್ಚಿದ್ದು ಅಗ್ಗ ಸಿಗತೈತಿ, ಬಾಗಿದ ಕಡೆ ಲಗೂನ ಮುರಿತೈತಿ. ಒಂದು ಕೇಬಲ್ಲಿಗೆ ತುದಿಯಿಂದ ತುದಿಗೆ 100 ಮೀಟರ್ ಮಿತಿ.

ಒಂದು ಕಟ್ಟಡದಿಂದ ಇನ್ನೊಂದಕ್ಕ ಬಯಲಾಗ ಲೈನ್ ಎಳಿಯೋದಿದ್ರ ತಾಮ್ರ ಬ್ಯಾಡ, ಫೈಬರ್ ಹಾಕಸ್ರಿ. ಏಪ್ರಿಲ್-ಮೇ ತಿಂಗಳದಾಗ ನಮ್ಮ ಕಡೆ ಅಡ್ಡಮಳಿ ಬಂದಾಗ ಸಿಡಿಲು ಹೆಂಗ ಬಡಿತೈತಿ ಗೊತ್ತಲ್ಲ, ತಾಮ್ರದ ತಂತಿ ಆ ಕರೆಂಟನ್ನ ಸೀದಾ ನಿಮ್ಮ ಸ್ವಿಚ್ಚಿಗೆ ತಂದು ಮುಟ್ಟಸತೈತಿ. ಗಾಜಿನ ಎಳ್ಯಾಗ ಕರೆಂಟ್ ಹರಿಯಂಗಿಲ್ಲ.

ವೈಫೈ ಬಗ್ಗೆ ಸ್ವಲ್ಪ. ಎರಡೂ ಬಾಕ್ಸಿಗೆ ಒಂದ ಹೆಸರು, ಒಂದ ಪಾಸ್‌ವರ್ಡ್ ಇಟ್ರ ಅಡ್ಯಾಡೋರ ಮೊಬೈಲ್ ತಾನ ಒಂದರಿಂದ ಇನ್ನೊಂದಕ್ಕ ಹೋಗತೈತಿ. ಚಾನೆಲ್ ಮಾತ್ರ ಬ್ಯಾರೆ ಇರಲಿ, 2.4 ಗಿಗಾಹರ್ಟ್ಸಿನ್ಯಾಗ ಒಂದರ ಮ್ಯಾಲೊಂದು ಬೀಳದಂಥವು 1, 6, 11, ಹಂಗಾಗಿ ಮುಂದಿಂದಕ್ಕ 1, ಹಿಂದಿಂದಕ್ಕ 6 ಇಲ್ಲಾ 11. ಹೊಸ ರೌಟರನ್ನ ಕಬ್ಬಿಣದ ತಿಜೋರಿ ಸಂದ್ಯಾಗ, ಪೇಪರ್ ರೀಮ್ ಹಿಂದ ಇಡಬ್ಯಾಡ್ರಿ, ತಲಿಗಿಂತ ಎತ್ತರದಾಗ ಗ್ವಾಡಿಗೆ ಹೊಡೀರಿ. ಹಳೇ ಮನಿ ಕಲ್ಲಿನ ಗ್ವಾಡಿ ಇದ್ರ 5 ಗಿಗಾಹರ್ಟ್ಸ್ ಆಚೀಗೆ ಸರಿಯಾಗಿ ದಾಟಂಗಿಲ್ಲ, ಅದು ಅದ ಖೋಲ್ಯಾಗ ಕುಂತವರಿಗೆ ಛಲೋ. ಪ್ರಿಂಟರ್ ವೈಫೈಗೆ ಕೂಡವಲ್ದು ಅಂದ್ರ ಅದು ಬರೇ 2.4 ಹಿಡಿಯೋದು ಇರಬಹುದು, ಅದನ್ನೂ ನೋಡ್ರಿ.

ನಿಮ್ಮ ಗಿರಾಕಿಗಳು ಲಗ್ನಪತ್ರಿಕಿ ಪ್ರೂಫ್ ನೋಡಾಕ ಬಂದು ವೈಫೈ ಪಾಸ್‌ವರ್ಡ್ ಕೇಳೇ ಕೇಳ್ತಾರ, ಇಲ್ಲ ಅನ್ನಾಕೂ ಆಗಂಗಿಲ್ಲ. ಅವರು ಕುಂದ್ರೂದು ಮುಂದ, ಯಜಮಾನ ಬಾಕ್ಸೂ ಮುಂದ ಐತಿ, ಅದರೊಳಗ ಗೆಸ್ಟ್ ನೆಟ್‌ವರ್ಕ್ ಇದ್ರ ಅದನ್ನ ಚಾಲೂ ಮಾಡಿ ಆ ಪಾಸ್‌ವರ್ಡ್ ಕೊಡ್ರಿ, ನಿಮ್ಮ ಫೋಲ್ಡರ್ ಅವರಿಗೆ ಕಾಣಬಾರದು. ಹಿಂದಿನ ರೌಟರಿನ್ಯಾಗ ಗೆಸ್ಟ್ ಬ್ಯಾಡ, ಆಕ್ಸೆಸ್ ಪಾಯಿಂಟ್ ಆದ ಮ್ಯಾಲೆ ಹಲವು ರೌಟರಿನ್ಯಾಗ ಗೆಸ್ಟ್ ಅನ್ನೋದು ಹೆಸರಿಗಷ್ಟ, ಒಳಗಿನವೆಲ್ಲಾ ಕಾಣತಾವ. ಮತ್ತ ವೈಫೈ ಪಾಸ್‌ವರ್ಡ್ ಬ್ಯಾರೆ, ಸೆಟ್ಟಿಂಗ್ಸಿಗೆ ಹೋಗೋ ಅಡ್ಮಿನ್ ಪಾಸ್‌ವರ್ಡ್ ಬ್ಯಾರೆ, ಎರಡೂ ಬದಲ ಮಾಡ್ರಿ. 2016ರಾಗ ಮಿರಾಯಿ ಅನ್ನೋ ವೈರಸ್ಸು ಜಗತ್ತಿನ ತುಂಬ ಕ್ಯಾಮೆರಾ, ರೌಟರ್‌ಗಳೊಳಗ ಹೊಕ್ಕಿದ್ದು ಕಂಪನಿಯಿಂದ ಬಂದ ಪಾಸ್‌ವರ್ಡನ್ನ ಯಾರೂ ಬದಲ ಮಾಡಿರಲಿಲ್ಲ ಅನ್ನೋ ಒಂದ ಕಾರಣಕ್ಕ. ಸೆಕ್ಯುರಿಟಿ ಡಬ್ಲ್ಯೂಪಿಎ2 ಇಲ್ಲಾ ಡಬ್ಲ್ಯೂಪಿಎ3 ಇರಲಿ, ಪಾಸ್‌ವರ್ಡ್ ಹಾಕದ ಬಟನ್ ಇಲ್ಲಾ ಪಿನ್ ಮ್ಯಾಲೆ ವೈಫೈಗೆ ಕೂಡಿಸೋ ಡಬ್ಲ್ಯೂಪಿಎಸ್ ಬಂದ್ ಇರಲಿ.

ಕರೆಂಟ್ ಹೋದಾಗ ನಡಿಬೇಕಂದ್ರ ಮುಂದಿನ ಬಾಕ್ಸು, ಹಿಂದಿನ ರೌಟರು, ನಡುವ ಸ್ವಿಚ್ ಇದ್ರ ಅದೂ, ಎಲ್ಲಾ ಯುಪಿಎಸ್ ಮ್ಯಾಲೆ ಇರಬೇಕು. ಸಣ್ಣ ಯುಪಿಎಸ್ ತಗೊಳ್ಳುಮುಂದ ಅಡಾಪ್ಟರ್ ಮ್ಯಾಲೆ ಬರದ ವೋಲ್ಟ್, ಆಂಪಿಯರ್ ಓದಿ ತಗೊಳ್ರಿ, ವೋಲ್ಟ್ ತಪ್ಪಿದ್ರ ಬಾಕ್ಸ್ ಸುಡತೈತಿ.

ಇಷ್ಟೆಲ್ಲಾ ಆದ ಮ್ಯಾಲೂ ಪ್ರಿಂಟ್ ಹೋಗಂಗಿಲ್ಲ, ಮೊದಲು ಬರತಿದ್ದ ಡಿಟಿಪಿ ಕಂಪ್ಯೂಟರಿನಿಂದಲೂ ಹೋಗಂಗಿಲ್ಲ, ಅವಾಗ ಗಾಬರಿ ಆಗಬ್ಯಾಡ್ರಿ. ಪ್ರಿಂಟರಿಗೆ ಈಗ ಮುಂದಿನ ಬಾಕ್ಸಿನಿಂದ ಹೊಸ ಅಡ್ರೆಸ್ ಸಿಕ್ಕಿರತೈತಿ, ಕಂಪ್ಯೂಟರ್ ಇನ್ನೂ ಹಳೇ ಅಡ್ರೆಸ್ಸಿಗೆ ಕಳಸಾಕತ್ತಿರತೈತಿ. ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ, ಮುಂದಿನ ಬಾಕ್ಸಿನ ಸೆಟ್ಟಿಂಗ್ಸಿನ್ಯಾಗ ಕೂಡಿದ ಡಿವೈಸುಗಳ ಪಟ್ಟಿ ತಗದು ಪ್ರಿಂಟರಿಗೆ ಒಂದು ಕಾಯಂ ಐಪಿ ರಿಸರ್ವ್ ಮಾಡ್ರಿ, ಆಮ್ಯಾಲೆ ಎಲ್ಲಾ ಕಂಪ್ಯೂಟರಿನ್ಯಾಗ ಹಳೇ ಪ್ರಿಂಟರ್ ತಗದು ಆ ಹೊಸ ಐಪಿಯಿಂದ ಮತ್ತ ಸೇರಸ್ರಿ. ಆ ನಂಬರನ್ನ ಒಂದು ಚೀಟ್ಯಾಗ ಬರದು ಪ್ರಿಂಟರಿಗೇ ಅಂಟಿಸಿ ಬಿಡ್ರಿ, ಮುಂದಿನ ಸಲ ಯಾರು ರಿಪೇರಿಗೆ ಬಂದ್ರೂ ನಿಮ್ಮನ್ನ ಕೇಳೂ ಜರೂರ ಇರಂಗಿಲ್ಲ.