ಸ್ಲೈಡ್ ಬೇರೆ, ಮೀಂಡ್ ಬೇರೆ: ಸಿಂಥ್‌ನಲ್ಲಿ ಮಾಲಕೌಂಸ್ ಕೂರಿಸುವ ಟಿಪ್ಪಣಿ

ಮುಂಬೈಯ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳ ಎಲ್‌ಪಿಯೊಂದನ್ನು ಮುದ್ರಿಸಿದರು. ಡಿಸ್ಕೋ ತಾಳಕ್ಕೆ ಟಿಆರ್-808, ಬೇಸ್‌ಗೆ ಟಿಬಿ-303, ರಾಗ ನುಡಿಸಲು ಜುಪಿಟರ್-8 ಸಿಂಥ್ (ಸಿಂಥಸೈಜರ್). 303ರ ಕೀರಲು ಬೇಸ್‌ನಿಂದ ಷಿಕಾಗೊದಲ್ಲಿ ‘ಆಸಿಡ್’ ಎಂಬ ಹೊಸ ಪ್ರಕಾರವೇ ಹುಟ್ಟಿದ್ದು 1987ರ ಹೊತ್ತಿಗೆ. ಹಾಗಾಗಿ 2010ರಲ್ಲಿ ಈ ಎಲ್‌ಪಿ ಮರುಬಿಡುಗಡೆ ಆದಾಗ ಯಾರು ಮೊದಲು ಎಂಬ ವಾದ ಎದ್ದಿತು. ಕಲಿಯುವವರಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅಲ್ಲಿನ ಕೆಲಸದ ಹಂಚಿಕೆ. ಚೌಕಟ್ಟಿಗೆ ಕಟ್ಟಿಬಿದ್ದದ್ದು ಯಂತ್ರಕ್ಕೆ, ಜಾರಬೇಕಾದದ್ದು ಕೈಗೆ. ಮನೆಯ ಕಂಪ್ಯೂಟರಿನಲ್ಲಿ ರಾಗ ಕೂರಿಸಲು ಹೊರಟವರು ಎಡವುವುದೂ ಇಲ್ಲೇ: 303ರ ಸ್ಲೈಡನ್ನೇ ಮೀಂಡ್ (ಸ್ವರದಿಂದ ಸ್ವರಕ್ಕೆ ಕಡಿಯದೆ ಎಳೆಯುವ ಜಾರು) ಎಂದು ನಂಬಿಬಿಡುತ್ತಾರೆ.

ಆ ಹತ್ತು ರಾಗಗಳಲ್ಲಿ ಮಾಲಕೌಂಸ್ ಒಂದು. ಇಲ್ಲಿಗೂ ಅದನ್ನೇ ತೆಗೆದುಕೊಳ್ಳೋಣ. ಐದೇ ಸ್ವರ: ಷಡ್ಜ, ಶುದ್ಧ ಮಧ್ಯಮ, ಮತ್ತು ಕೋಮಲವಾದ ಗಾಂಧಾರ, ಧೈವತ, ನಿಷಾದ. ಹಿಂದೋಳ ಕೇಳಿ ಬೆಳೆದವರಿಗೂ ಈ ಸ್ವರಗಳ ಪರಿಚಯ ಇದ್ದೇ ಇರುತ್ತದೆ. ಮೀಂಡ್ ತೆಗೆದರೆ ಉಳಿಯುವುದು ಬರೀ ಕೀಲಿ ಒತ್ತಿದ ಸದ್ದು, ಆದ್ದರಿಂದ ತಪ್ಪು ಮಾಡಿದರೆ ಕೂಡಲೇ ಕಿವಿಗೆ ಬೀಳುತ್ತದೆ.

303ರ ಒಳಗೆ ಏನಾಗುತ್ತದೆ

1981ರಲ್ಲಿ ಬಂದು 1984ಕ್ಕೆ ತಯಾರಿ ನಿಂತ ಯಂತ್ರ ಇದು. ಅಲೆ ಹುಟ್ಟಿಸುವ ಒಂದೇ ಆಸಿಲೇಟರ್, ಸಾ-ಟೂತ್ (ಗರಗಸದ ಹಲ್ಲಿನಂಥ) ಅಥವಾ ಸ್ಕ್ವೇರ್ (ಚೌಕ) ಅಲೆ. ಸ್ಲೈಡ್ ಗುರುತು ಬಿದ್ದ ಕಡೆ ಗೇಟ್ (ಸ್ವರ ಶುರು-ನಿಲುಗಡೆಯ ಸಂಕೇತ) ಮುಚ್ಚುವುದಿಲ್ಲ. ಎನ್ವಲಪ್ (ಸದ್ದು ಏರಿ ಇಳಿಯುವ ಆಕಾರ) ಹೊಸದಾಗಿ ಹೊಡೆಯದೆ ಸ್ವರ ಮಾತ್ರ ಮುಂದಿನದಕ್ಕೆ ಜಾರುತ್ತದೆ. ಟೆಂಪೋ ಎಷ್ಟೇ ಇರಲಿ, ಸ್ವರಗಳ ಅಂತರ ಎಷ್ಟೇ ಇರಲಿ, ಜಾರಲು ಹಿಡಿಯುವುದು ಸುಮಾರು 60 ಮಿಲಿಸೆಕೆಂಡ್. ಆಕ್ಸೆಂಟ್ (ಒತ್ತು) ಹಾಕಿದ ಸ್ವರ ಜೋರಾಗುವುದಷ್ಟೇ ಅಲ್ಲ, ಡಿಕೇ (ಆರುವ ವೇಳೆ) ಗುಂಡಿ ಎಲ್ಲೇ ನಿಂತಿರಲಿ, ಅದರ ಫಿಲ್ಟರ್ ಡಿಕೇ ಅತಿ ಚಿಕ್ಕದಕ್ಕೆ, ಸುಮಾರು 200 ಮಿಲಿಸೆಕೆಂಡಿಗೆ ಇಳಿಯುತ್ತದೆ. ಸಾಲಾಗಿ ಆಕ್ಸೆಂಟ್ ಬಂದರೆ ಒಳಗಿನ ಕೆಪಾಸಿಟರ್ ಖಾಲಿಯಾಗುವ ಮೊದಲೇ ಮತ್ತೆ ತುಂಬಿಕೊಳ್ಳುತ್ತದೆ, ಸ್ವರದಿಂದ ಸ್ವರಕ್ಕೆ ಕಟಾಫ್ (ಫಿಲ್ಟರ್ ಸದ್ದು ಕತ್ತರಿಸುವ ಗಡಿ) ಮೇಲೇರುತ್ತ ಹೋಗುತ್ತದೆ. ಬೇಸ್ ‘ಬಾಯಿ ಬಿಟ್ಟಂತೆ’ ಕೇಳುವುದು ಇದರಿಂದ.

ಈಗ ಲೆಕ್ಕ ಹಾಕಿ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬಡಿತ) ನಾಲ್ಕು ಬಡಿತದ ಹದಿನಾರನೆಯ ಒಂದು ಪಾಲಿಗೆ 125 ಮಿಲಿಸೆಕೆಂಡ್. 60ರ ಜಾರುವಿಕೆ ಅದರ ಅರ್ಧದಷ್ಟಾಯಿತು, ಕಿವಿಗೆ ನುಣುಪು. ಟೆಂಪೋ 60ಕ್ಕೆ ಇಳಿಸಿದರೆ ಒಂದು ಪಾಲು 250 ಮಿಲಿಸೆಕೆಂಡ್. ಜಾರುವಿಕೆ ಮೊದಲ ಕಾಲುಭಾಗದಲ್ಲೇ ಮುಗಿದು ಸ್ವರ ಕಲ್ಲಿನಂತೆ ನಿಲ್ಲುತ್ತದೆ. ನಿಧಾನಗತಿಯಲ್ಲಿ ಮಧ್ಯಮದಿಂದ ಗಾಂಧಾರಕ್ಕೆ ಎಳೆಯುವ ಮೀಂಡ್‌ಗೆ 400ರಿಂದ 800 ಮಿಲಿಸೆಕೆಂಡ್ ಬೇಕು. ಅದೂ ಒಂದೇ ವೇಗದಲ್ಲಲ್ಲ: ಹೊರಡುವಾಗ ತಡೆದು, ನಡುವೆ ಬೇಗ ಇಳಿದು, ಗಾಂಧಾರದ ಹತ್ತಿರ ಮತ್ತೆ ಮೆತ್ತಗಾಗಬೇಕು.

ಬೇಸ್ ಪ್ಯಾಚ್

ಪ್ಯಾಚ್ ಎಂದರೆ ಸಿಂಥ್‌ನ ಗುಂಡಿಗಳ ಒಂದು ಜೋಡಣೆ. ಯಾವ ಸಾಫ್ಟ್ ಸಿಂಥ್ (ಕಂಪ್ಯೂಟರಿನೊಳಗಿನ ಸಿಂಥ್) ಆದರೂ ನಡೆಯುತ್ತದೆ. ಸರ್ಜ್ ಎಕ್ಸ್‌ಟಿ ಉಚಿತ, ಶ್ರುತಿ ಕಡತವನ್ನೂ ಓದುತ್ತದೆ. ಒಂದೇ ಸಾ-ಟೂತ್ ಆಸಿಲೇಟರ್, ಮೊನೊ (ಸಲಕ್ಕೆ ಒಂದೇ ಸ್ವರ), ಲೆಗಾಟೊ (ಕೂಡಿದ ಸ್ವರಕ್ಕೆ ಎನ್ವಲಪ್ ಮತ್ತೆ ಹೊಡೆಯದಿರುವುದು) ಚಾಲೂ. ಫಿಲ್ಟರ್ 24 ಡೆಸಿಬಲ್ ಲೋ-ಪಾಸ್, ಕಟಾಫ್ 300 ಹರ್ಟ್ಸ್, ರೆಸೊನೆನ್ಸ್ (ಕಟಾಫ್ ಬಳಿಯ ನಾದ ಎತ್ತಿಹಿಡಿಯುವುದು) 75 ಶೇಕಡಾ. ಫಿಲ್ಟರ್ ಎನ್ವಲಪ್‌ಗೆ ಅಟ್ಯಾಕ್ 3 ಮಿಲಿಸೆಕೆಂಡ್, ಡಿಕೇ 300, ಸಸ್ಟೇನ್ ಸೊನ್ನೆ, ಪ್ರಮಾಣ ಮೂರು ಆಕ್ಟೇವ್. ಆಂಪ್ಲಿಫೈಯರ್ ಸಸ್ಟೇನ್ ಪೂರ್ತಿ, ರಿಲೀಸ್ 10 ಮಿಲಿಸೆಕೆಂಡ್. ಗ್ಲೈಡ್ 60. ವೆಲಾಸಿಟಿಯನ್ನು (ಕೀಲಿ ಒತ್ತಿದ ರಭಸ) ಫಿಲ್ಟರ್ ಎನ್ವಲಪ್ ಪ್ರಮಾಣಕ್ಕೆ ಜೋಡಿಸಿ ಸಾದಾ ಸ್ವರಕ್ಕೆ 80, ಆಕ್ಸೆಂಟಿಗೆ 127 ಕೊಡಿ. ಹದಿನಾರು ಪಾಲು ಹೀಗೆ (ಪಕ್ಕದಲ್ಲಿ ಮೇಲೆ ಸಣ್ಣ ಗೆರೆ ಇರುವುದು ತಾರ ಷಡ್ಜ, ಹಿಂದೆ ಚುಕ್ಕೆ ಇರುವುದು ಮಂದ್ರ ನಿಷಾದ):

ಸ ಸ ಗ ಮ | ದ ನಿ ಸ’ ನಿ | ದ ಮ ಗ ಮ | ಗ ಸ .ನಿ ಸ

ಆಕ್ಸೆಂಟ್ 1, 7 ಮತ್ತು 12ನೆಯ ಪಾಲಿಗೆ. ಸ್ಲೈಡ್ 8ರಿಂದ 9ಕ್ಕೆ, 9ರಿಂದ 10ಕ್ಕೆ, 12ರಿಂದ 13ಕ್ಕೆ. ಆರೋಹದಲ್ಲಿ ಸ್ಲೈಡ್ ಬೇಡ. ಇಳಿಯುವಾಗ ಮಾತ್ರ ಜಾರಿದರೆ ರಾಗದ ನಡೆ ಉಳಿಯುತ್ತದೆ.

ಇಲ್ಲಿ ಕೈಕೊಡುವ ಸಂಗತಿಗಳು ಎರಡು ಮೂರಿವೆ. ಸಾದಾ ಸಿಂಥ್‌ನಲ್ಲಿ ಜಾರಬೇಕಾದ ಎರಡು ಸ್ವರಗಳು 10ರಿಂದ 20 ಮಿಲಿಸೆಕೆಂಡ್ ಒಂದರ ಮೇಲೊಂದು ಬರಬೇಕು. ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಎನ್ವಲಪ್ ಮತ್ತೆ ಹೊಡೆದು ಸ್ವರ ಒಡೆಯುತ್ತದೆ. 303ರ ನಕಲುಗಳಲ್ಲಿ ಕೆಲವು ಸ್ಲೈಡ್ ಗುರುತನ್ನು ಹೊರಡುವ ಸ್ವರದ ಮೇಲೆ ಕೇಳುತ್ತವೆ, ಕೆಲವು ತಲುಪುವ ಸ್ವರದ ಮೇಲೆ. ಒಂದು ಪಾಲು ಆಚೀಚೆ ಜಾರಿದರೆ ಮೊದಲು ಇದನ್ನು ನೋಡಿ. ಇನ್ನು ರೆಸೊನೆನ್ಸ್ ಏರಿಸಿದಷ್ಟೂ ಲ್ಯಾಡರ್ ಫಿಲ್ಟರಿನಲ್ಲಿ ತಳದ ನಾದ ತೆಳ್ಳಗಾಗುತ್ತದೆ. ವಾಲ್ಯೂಮ್ ಹೆಚ್ಚಿಸಿದರೆ ಕೀರಲು ಹೆಚ್ಚುತ್ತದೆಯೇ ಹೊರತು ತಳ ಬರುವುದಿಲ್ಲ. ಅದೇ ಸ್ವರದ ಸೈನ್ ಅಲೆಯೊಂದನ್ನು 10-12 ಡೆಸಿಬಲ್ ಕೆಳಗೆ, ಫಿಲ್ಟರಿನೊಳಗೆ ಹೋಗದಂತೆ, ಪಕ್ಕಕ್ಕೆ ಸೇರಿಸಿ.

ಮೀಂಡ್‌ಗೆ ಪಿಚ್ ಬೆಂಡ್

1954ರ ‘ನಾಗಿನ್’ ಚಿತ್ರದ ಪುಂಗಿಯನ್ನು ಕಲ್ಯಾಣ್‌ಜಿ ನುಡಿಸಿದ್ದು ಕ್ಲಾವಿಯೊಲಿನ್ ಎಂಬ ವಿದ್ಯುತ್ ಕೀಬೋರ್ಡಿನಲ್ಲಿ. ಒಂದು ಸಲಕ್ಕೆ ಒಂದೇ ಸ್ವರ ಹೊಮ್ಮುವ ವಾದ್ಯ ಅದು. ಉಸಿರು ಕಡಿಯದ ಪುಂಗಿಗೆ ಅದು ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ರಾಗ ನುಡಿಸುವ ಪ್ಯಾಚೂ ಮೊನೊ ಆಗಿರಲಿ.

ಬೆಂಡ್‌ಗೆ (ಒತ್ತಿದ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಸಂಕೇತ) ಮಿಡಿಯಲ್ಲಿ, ಅಂದರೆ ವಾದ್ಯ-ಕಂಪ್ಯೂಟರ್ ಮಾತಾಡುವ ಭಾಷೆಯಲ್ಲಿ, 16384 ಹಂತ, ನಡುಬಿಂದು 8192. ವ್ಯಾಪ್ತಿಯನ್ನು 12 ಸೆಮಿಟೋನ್‌ಗೆ ಇಡಿ. ಆಗ ಒಂದು ಸೆಮಿಟೋನ್ ಎಂದರೆ ಸುಮಾರು 683 ಹಂತ. ಸಿಂಥ್‌ನಲ್ಲಿ ವ್ಯಾಪ್ತಿ ಮೊದಲಿನಂತೆ 2ರಲ್ಲೇ ಉಳಿದಿದ್ದರೆ, 200 ಸೆಂಟ್ (ಒಂದು ಸೆಮಿಟೋನ್‌ಗೆ ನೂರು ಸೆಂಟ್) ಇಳಿಯಬೇಕಾದ ಮೀಂಡ್ 33 ಸೆಂಟ್ ಇಳಿದು ಬರೀ ಅಪಸ್ವರ ಕೇಳುತ್ತದೆ.

ಹೆಚ್ಚಿನವರು ಮಧ್ಯಮದ ಕೀಲಿ ಒತ್ತಿ ಬೆಂಡನ್ನು ಕೆಳಗೆ ಎಳೆಯುತ್ತಾರೆ. ಮುಂದಿನ ಸ್ವರಕ್ಕೆ ಮೊದಲು ಅದನ್ನು 8192ಕ್ಕೆ ವಾಪಸ್ ತರಲೇಬೇಕು. ರಿಲೀಸ್ ಉದ್ದವಿದ್ದರೆ ಆರುತ್ತಿರುವ ಗಾಂಧಾರದ ಬಾಲ ಮೇಲಕ್ಕೆ ಹಾರಿ ಬಿಕ್ಕಳಿಕೆಯಂತೆ ಕೇಳುತ್ತದೆ. ತಿರುಗಿಸಿ ಮಾಡುವುದು ಒಳ್ಳೆಯದು: ಒತ್ತುವುದು ಗಾಂಧಾರದ ಕೀಲಿ, ಬೆಂಡ್ ಮಾತ್ರ ಅದಕ್ಕಿಂತ ಸ್ವಲ್ಪ ಮೊದಲು, ಸದ್ದಿಲ್ಲದ ಜಾಗದಲ್ಲಿ, 8192 + 1365 = 9557ರಲ್ಲಿ ನಿಂತಿರಲಿ. ಸ್ವರ ಮಧ್ಯಮವಾಗಿ ಹುಟ್ಟುತ್ತದೆ. 200 ಮಿಲಿಸೆಕೆಂಡ್ ಅಲ್ಲೇ ಬಿಡಿ, ಆಮೇಲೆ 500 ಮಿಲಿಸೆಕೆಂಡಿನಲ್ಲಿ ಎಸ್ ಆಕಾರದ ಗೆರೆಯಲ್ಲಿ 8192ಕ್ಕೆ ಇಳಿಸಿ. ಮೀಂಡ್ ಮುಗಿದಾಗ ಬೆಂಡ್ ತಾನಾಗಿ ನಡುವಿಗೆ ಬಂದಿರುತ್ತದೆ, ವಾಪಸ್ ತರುವ ತಲೆನೋವೇ ಇಲ್ಲ. ಗೆರೆ ನೇರವಾಗಿದ್ದರೆ ಸೈರನ್ ಇಳಿದಂತೆ ಕೇಳುತ್ತದೆ, ಬಾಗು ಬೇಕೇ ಬೇಕು.

ಶ್ರುತಿ

ಕೀಬೋರ್ಡಿನ ಕೋಮಲ ಗಾಂಧಾರ 300 ಸೆಂಟ್. ತಂಬೂರಿಯೊಡನೆ ಕೂಡುವ 6/5 ಅನುಪಾತದ ಗಾಂಧಾರ 315.64. ಮಧ್ಯಮ 498.04, ಧೈವತ 813.69. ನಿಷಾದದಲ್ಲಿ ಎರಡು ದಾರಿ ಇವೆ: ಮಧ್ಯಮಕ್ಕೆ ಸರಿಯಾಗಿ ಮಧ್ಯಮವಾಗಿ ಕೂರುವ 996.09, ಗಾಂಧಾರಕ್ಕೆ ಪಂಚಮವಾಗಿ ಕೂರುವ 1017.60. ಎರಡನ್ನೂ ನುಡಿಸಿ ಕಿವಿ ಒಪ್ಪಿದ್ದನ್ನು ಇಟ್ಟುಕೊಳ್ಳಿ.

ಸ್ಕಾಲಾ ಕಡತ (ಸಿಂಥ್‌ಗೆ ಸ್ವರಗಳ ಅಂತರ ತಿಳಿಸುವ ಶ್ರುತಿ ಕಡತ) ಬರೆಯುವಾಗ ಐದೇ ಸ್ವರ ಕೊಟ್ಟರೆ ಐದು ಕೀಲಿಗೊಂದು ಆಕ್ಟೇವ್ ಆಗಿ ಕೀಬೋರ್ಡ್ ಪೂರ್ತಿ ಜಾಗ ತಪ್ಪುತ್ತದೆ. ಹನ್ನೆರಡೂ ಸಾಲು ಬರೆಯಿರಿ, ಬೇಡದ ಸ್ವರಗಳಿಗೆ 100.0, 200.0 ಹೀಗೆ. ಷಡ್ಜಕ್ಕೆ ಸಾಲು ಇರುವುದಿಲ್ಲ, ಕೊನೆಯ ಸಾಲು 2/1. ದಶಮಾಂಶದ ಚುಕ್ಕೆ ಮರೆಯಬೇಡಿ. ಚುಕ್ಕೆ ಇಲ್ಲದ 316ನ್ನು ಅದು ಸೆಂಟ್ ಎಂದು ಓದದೆ 316ರಷ್ಟು ಅನುಪಾತ ಎಂದು ಓದುತ್ತದೆ, ಸ್ವರ ಕೇಳಿಸದಷ್ಟು ಮೇಲೆ ಹೋಗುತ್ತದೆ. ಶ್ರುತಿ ಬದಲಾದ ಮೇಲೆ ಮಧ್ಯಮ-ಗಾಂಧಾರದ ಅಂತರ 182.4 ಸೆಂಟ್, ಆದ್ದರಿಂದ ಮೇಲಿನ 1365ರ ಜಾಗಕ್ಕೆ 1245 ಬರುತ್ತದೆ. ಬೆಂಡ್ ಕೂಡ ಶ್ರುತಿ ಕಡತವನ್ನೇ ಅನುಸರಿಸುವ ಸಿಂಥ್ ಆದರೆ 1365 ಹಾಗೇ ಇರಲಿ.

ಹಿನ್ನೆಲೆಗೆ ತಂಬೂರಿಯನ್ನು ಮಧ್ಯಮ-ಷಡ್ಜಕ್ಕೆ ಕೂರಿಸಿ, ಪಂಚಮಕ್ಕಲ್ಲ. 130.8 ಹರ್ಟ್ಸ್ ಷಡ್ಜದ ಎರಡು ಸಾ-ಟೂತ್‌ಗಳ ನಡುವೆ 3 ಸೆಂಟ್ ಅಂತರ ಇಟ್ಟರೆ ಸುಮಾರು ನಾಲ್ಕೂವರೆ ಸೆಕೆಂಡಿಗೊಮ್ಮೆ ನಾದ ಉಸಿರಾಡುತ್ತದೆ. 7 ಸೆಂಟ್ ಇಟ್ಟರೆ ಎರಡು ಸೆಕೆಂಡಿನೊಳಗೇ ಅಲೆಯುತ್ತದೆ, ಮೀಂಡ್ ತಲುಪುವ ಜಾಗ ಮಸುಕಾಗುತ್ತದೆ.

ನಿಜವಾದ ಯಂತ್ರ ಸಿಕ್ಕರೆ

1982ರಲ್ಲಿ ಮಿಡಿ ಇರಲಿಲ್ಲ, ಅದು ಬಂದದ್ದು 1983ರಲ್ಲಿ. 303 ಮತ್ತು 808 ಕೈಹಿಡಿದು ನಡೆಯುವುದು ಡಿನ್ ಸಿಂಕ್‌ನಲ್ಲಿ (ಯಂತ್ರಗಳ ತಾಳ ಕೂಡಿಸುವ ಕೇಬಲ್ ಜೋಡಣೆ), ಒಂದು ಬೀಟ್‌ಗೆ 24 ಬಡಿತ. ಪ್ಲಗ್ಗು ನೋಡಲು ಮಿಡಿಯದ್ದೇ, ಐದು ಪಿನ್. ಆದರೆ ಶುರು-ನಿಲುಗಡೆ 1ನೇ ಪಿನ್ನಿನಲ್ಲಿ, ಬಡಿತ 3ನೇ ಪಿನ್ನಿನಲ್ಲಿ. ಅಗ್ಗದ ಮಿಡಿ ಕೇಬಲ್‌ಗಳಲ್ಲಿ 2, 4, 5ಕ್ಕೆ ಮಾತ್ರ ತಂತಿ ಇರುವುದರಿಂದ ಯಂತ್ರ ಕದಲುವುದಿಲ್ಲ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಳ್ಳುವಾಗ ಐದೂ ಪಿನ್ ಜೋಡಿಸಿದ್ದು ಕೇಳಿ, ಅಲ್ಲೇ ಮಲ್ಟಿಮೀಟರ್ ಇಟ್ಟು ನೋಡಿ. ಮುಂಬೈಯ ಮಳೆಗಾಲದ ತೇವಕ್ಕೆ ಗುಂಡಿಗಳು ಕರಕರ ಎನ್ನತೊಡಗಿದರೆ, ವಿದ್ಯುತ್ ತೆಗೆದು ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪವೇ ಹಾಕಿ ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿ, ಪೂರ್ತಿ ಒಣಗಲು ಬಿಡಿ.

ಅನಲಾಗ್ ಆಸಿಲೇಟರಿನ ಶ್ರುತಿ ಬಿಸಿಗೆ ಅಲುಗುತ್ತದೆ. ಒಳಗಿನ ಪರಿವರ್ತಕದಲ್ಲಿ (ವೋಲ್ಟೇಜನ್ನು ಸ್ವರವಾಗಿಸುವ ಭಾಗ) ಬಿಸಿಯನ್ನು ಸರಿದೂಗಿಸುವ ಏರ್ಪಾಡು ಇಲ್ಲದಿದ್ದರೆ ಒಂದು ಡಿಗ್ರಿಗೆ ಸುಮಾರು 0.33 ಶೇಕಡಾ ಲೆಕ್ಕ ತಪ್ಪುತ್ತದೆ. ಯಂತ್ರ ಚಾಲೂ ಮಾಡಿ ಅರ್ಧ ಗಂಟೆ ಬಿಟ್ಟು ಶ್ರುತಿ ಮಾಡಿ. ನಡುವೆ ಎಸಿ ಹಾಕಿದರೆ, ಕೋಣೆ ತಣ್ಣಗಾದ ಮೇಲೆ ಷಡ್ಜವನ್ನು ತಂಬೂರಿಯೊಡನೆ ಇನ್ನೊಮ್ಮೆ ಕೂಡಿಸಿ ನೋಡಿ.