ಹಳೆಯ ಕಾರಿಗೆ ಬದಲಿ ಬ್ಲೋವರ್ ಮೋಟಾರು: ಅಳತೆ ಕೂಡಿದರೆ ಸಾಲದು

ಕಲಬುರಗಿಯಲ್ಲಿ ಕಾರಿನ ಹೀಟರಿಗೆ ಕೆಲಸ ಬೀಳುವುದು ಡಿಸೆಂಬರ್, ಜನವರಿಯ ಕೆಲವು ಬೆಳಗಿನ ಹೊತ್ತಿನಲ್ಲಿ ಮಾತ್ರ. ಎತ್ತರದ ಮೇಲಿರುವ ಬೀದರಿನಲ್ಲಿ ಅದಕ್ಕಿಂತ ತುಸು ಹೆಚ್ಚು. ಆದರೆ ಬಿಸಿಗಾಳಿಯನ್ನು ಒಳಗೆ ತಳ್ಳುವ ಬ್ಲೋವರ್ ಮೋಟಾರೇ ಬಹುತೇಕ ಕಾರುಗಳಲ್ಲಿ ಏ.ಸಿ.ಯ ತಂಪುಗಾಳಿಯನ್ನೂ ತಳ್ಳುತ್ತದೆ. ಬಿಸಿಲು 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಅದು ನಿಂತುಹೋದರೆ, ಸಿಕ್ಕ ಮೋಟಾರನ್ನು ತಂದು ಕೂರಿಸುವ ಅವಸರ ಸಹಜ. ತಯಾರಿಕೆ ನಿಂತುಹೋದ ಕಾರುಗಳ ಮಾಲೀಕರು ಹೈದರಾಬಾದಿನ ಹಳೆಯ ಬಿಡಿಭಾಗಗಳ ಅಂಗಡಿಗಳವರೆಗೂ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಕೈಗೆ ಬಂದ ಮೋಟಾರಿನ ಸ್ಕ್ರೂ ತೂತುಗಳು ಹೊಂದಿಕೊಂಡರೆ ಮೋಟಾರೂ ಹೊಂದಿತೆಂದು ತಿಳಿಯುವುದು ಸರಿಯಲ್ಲ.

ಮೊದಲು ಮೋಟಾರು ನಿಜವಾಗಿ ಕೆಟ್ಟಿದೆಯೇ ಎಂದು ನೋಡಬೇಕು. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ಸುಮ್ಮನಿದ್ದರೆ ದೋಷವಿರುವುದು ಸಾಮಾನ್ಯವಾಗಿ ವಿದ್ಯುತ್ತನ್ನು ತಗ್ಗಿಸಿ ವೇಗ ಇಳಿಸುವ ರೆಸಿಸ್ಟರಿನಲ್ಲಿ. ಏಕೆಂದರೆ ಕೊನೆಯ ವೇಗದಲ್ಲಿ ವಿದ್ಯುತ್ತು ರೆಸಿಸ್ಟರನ್ನು ದಾಟದೆ ನೇರವಾಗಿ ಮೋಟಾರಿಗೆ ಹೋಗುತ್ತದೆ. ಶಬ್ದ ಏರಿ ಗಾಳಿ ಕಡಿಮೆಯಾಗಿದ್ದರೆ ಒಳಗಿನ ಕೂಲಿಂಗ್ ಕಾಯಿಲ್ ಧೂಳಿನಿಂದ ಕಟ್ಟಿಕೊಂಡಿರುವ ಸಂಭವ ಹೆಚ್ಚು. ದಾರಿ ಮುಚ್ಚಿದಾಗ ಫ್ಯಾನು ಸಾಗಿಸುವ ಗಾಳಿ ಕಡಿಮೆಯಾಗುತ್ತದೆ, ಮೋಟಾರಿನ ಹೊರೆ ಇಳಿಯುತ್ತದೆ, ಅದು ಇನ್ನಷ್ಟು ಜೋರಾಗಿ ತಿರುಗುತ್ತದೆ.

ಮೋಟಾರೇ ಕೆಟ್ಟಿದ್ದರೆ, ಹೊಸದರಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದು ಎಷ್ಟು ಆಂಪಿಯರ್ ವಿದ್ಯುತ್ತು ಎಳೆಯುತ್ತದೆ ಎಂಬುದು. ಹೆಚ್ಚು ಶಕ್ತಿಯ ಮೋಟಾರು ಹಾಕಿದರೆ ಗಾಳಿ ಚೆನ್ನಾಗಿ ಬರುತ್ತದೆ ಎಂಬ ಆಸೆ ದುಬಾರಿಯಾದದ್ದು. ಫ್ಯಾನು ತಳ್ಳುವ ಗಾಳಿ ಅದರ ವೇಗಕ್ಕೆ ತಕ್ಕಂತೆ ಹೆಚ್ಚುತ್ತದೆ, ಆದರೆ ಅದಕ್ಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಶೇ. 20ರಷ್ಟು ಹೆಚ್ಚು ಗಾಳಿ ಬೇಕೆಂದರೆ ಶೇ. 73ರಷ್ಟು ಹೆಚ್ಚು ಶಕ್ತಿ ಕೊಡಬೇಕು. ಆ ಶಕ್ತಿ ಬರಬೇಕಾದದ್ದು ಹಳೆಯ ವೈರು, ಹಳೆಯ ಸ್ವಿಚ್ಚು, ಹಳೆಯ ರೆಸಿಸ್ಟರುಗಳ ಮೂಲಕವೇ. 1 ಓಮ್ ರೆಸಿಸ್ಟರಿನಲ್ಲಿ 6 ಆಂಪಿಯರ್ ಹರಿದರೆ 36 ವ್ಯಾಟ್ ಶಾಖ ಹುಟ್ಟುತ್ತದೆ, 8 ಆಂಪಿಯರ್ ಹರಿದರೆ 64 ವ್ಯಾಟ್. ಫ್ಯೂಸು ಹಾರಿದಾಗ ಅದಕ್ಕಿಂತ ದೊಡ್ಡ ಫ್ಯೂಸು ಹಾಕುವುದು ಇನ್ನೂ ಅಪಾಯಕಾರಿ. ಆಗ ಮೊದಲು ಕರಗುವುದು ಡ್ಯಾಶ್‌ಬೋರ್ಡಿನ ಹಿಂದೆ ವೈರುಗಳನ್ನು ಜೋಡಿಸುವ ಕನೆಕ್ಟರು.

ತಿರುಗುವ ದಿಕ್ಕು ಎರಡನೆಯ ವಿಷಯ, ಮತ್ತು ಹೆಚ್ಚಿನವರು ಎಡವುವುದು ಇಲ್ಲಿಯೇ. ಬ್ಲೋವರಿನ ಉರುಳೆಯಾಕಾರದ ಫ್ಯಾನನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಸಣ್ಣ ಎಲೆಗಳು ಬೊಗಸೆಯಂತೆ ಬಾಗಿರುವುದು ಕಾಣುತ್ತದೆ. ಸಾಮಾನ್ಯವಾಗಿ ಬೊಗಸೆಯ ಒಳಭಾಗ ಮುಂದಾಗುವಂತೆ ಫ್ಯಾನು ತಿರುಗಬೇಕು. ಉಲ್ಟಾ ತಿರುಗಿದರೂ ಗಾಳಿ ಅದೇ ಬಾಯಿಯಿಂದ ಹೊರಬರುತ್ತದೆ, ಆದರೆ ಬಹಳ ಕಡಿಮೆ; ಆದ್ದರಿಂದಲೇ ದೋಷ ಬೇಗ ಗೊತ್ತಾಗುವುದಿಲ್ಲ. ಕಾಯಂ ಅಯಸ್ಕಾಂತವುಳ್ಳ ಮೋಟಾರಿನಲ್ಲಿ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ. ಆದರೆ ಒಂದೇ ದಿಕ್ಕಿಗೆಂದು, ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಬ್ರಶ್‌ಗಳನ್ನು ತುಸು ಓರೆಯಾಗಿ ಕೂರಿಸಿದ ಮೋಟಾರುಗಳೂ ಇವೆ. ಅವನ್ನು ಉಲ್ಟಾ ಓಡಿಸಿದರೆ ಕಿಡಿ ಹೆಚ್ಚಿ ಬ್ರಶ್‌ಗಳು ಬೇಗ ಸವೆಯುತ್ತವೆ.

ಮೂರನೆಯದು ದಂಡ, ಅಂದರೆ ಫ್ಯಾನು ಕೂರುವ ಮೋಟಾರಿನ ಶಾಫ್ಟು. ಅದರ ದಪ್ಪ, ಉದ್ದ, ಅದರ ಒಂದು ಬದಿ ಚಪ್ಪಟೆಯೋ ಪೂರ್ತಿ ಗುಂಡೋ ಎಂಬುದನ್ನು ಹಳೆಯದರ ಪಕ್ಕಕ್ಕಿಟ್ಟು ನೋಡಿದರೆ ಸಾಕು.

ನಮ್ಮ ಭಾಗದಲ್ಲಿ ಧೂಳಿನ ಮಾತನ್ನು ಬಿಡುವಂತಿಲ್ಲ. ಎರೆಮಣ್ಣು, ಶಹಾಬಾದ್ ಕಲ್ಲಿನ ಪುಡಿ, ದಾಲ್ ಮಿಲ್ಲುಗಳ ತೊಗರಿ ಹೊಟ್ಟು, ಇವೆಲ್ಲವೂ ಏರ್ ಫಿಲ್ಟರ್ ಇಲ್ಲದ ಹಳೆಯ ಬ್ಲೋವರಿನೊಳಗೆ ನೇರವಾಗಿ ನುಗ್ಗುತ್ತವೆ. ನಡುವಿನಿಂದ 7 ಸೆಂಟಿಮೀಟರ್ ದೂರದ ಎಲೆಯೊಂದರ ಮೇಲೆ ಬರೀ 2 ಗ್ರಾಂ ಮಣ್ಣು ಅಂಟಿಕೊಂಡು, ಫ್ಯಾನು ನಿಮಿಷಕ್ಕೆ 3,000 ಸುತ್ತು ತಿರುಗಿದರೆ, ಆ ಮಣ್ಣು ದಂಡವನ್ನು ಸುಮಾರು 1.4 ಕಿಲೋ ತೂಕದಷ್ಟು ಬಲದಿಂದ ಪಕ್ಕಕ್ಕೆ ಎಳೆಯುತ್ತದೆ. ಆ ಎಳೆತದಿಂದಲೇ ದಂಡವನ್ನು ಹಿಡಿದಿರುವ ಬುಷ್‌ಗಳು ಸವೆದು ಕಿರುಗುಟ್ಟತೊಡಗುತ್ತವೆ. ಆದ್ದರಿಂದ ಹಳೆಯ ಫ್ಯಾನನ್ನೇ ಹೊಸ ಮೋಟಾರಿಗೆ ಹಾಕುವುದಾದರೆ ಪ್ರತಿ ಎಲೆಯನ್ನೂ ತೊಳೆದು ಒಣಗಿಸಿ ಹಾಕಬೇಕು. ಈ ಕೆಲಸಕ್ಕೆ ತಗಲುವ ಅರ್ಧ ಗಂಟೆಯನ್ನು ಉಳಿಸುವುದರಲ್ಲಿ ಯಾವ ಲಾಭವೂ ಇಲ್ಲ. ಸೆಕೆಂಡ್ ಹ್ಯಾಂಡ್ ಮೋಟಾರು ಕೊಳ್ಳುವಾಗ ದಂಡವನ್ನು ಬೆರಳಿನಿಂದ ಅತ್ತಿತ್ತ ಒತ್ತಿ ನೋಡಿ, ಅಲುಗಾಡಿದರೆ ಅದನ್ನು ಅಲ್ಲಿಯೇ ಬಿಟ್ಟು ಬರಬೇಕು.

ಹಲವು ಮಾದರಿಗಳಲ್ಲಿ ಫ್ಯಾನಿನ ಗೂಡಿನಿಂದ ಮೋಟಾರಿನ ಮೈಗೆ ಬೆರಳು ದಪ್ಪದ ರಬ್ಬರ್ ಕೊಳವೆಯೊಂದು ಇರುತ್ತದೆ. ಮೋಟಾರನ್ನು ತಂಪಾಗಿಡುವ ಗಾಳಿ ಹೋಗುವುದು ಇದರಲ್ಲಿಯೇ. ಬದಲಿ ಮೋಟಾರಿನಲ್ಲಿ ಇದಕ್ಕೆ ಬಾಯಿ ಇಲ್ಲದಿದ್ದರೆ ಅಥವಾ ಮೆಕ್ಯಾನಿಕ್ ಅದನ್ನು ಬೇಡವೆಂದು ಕಿತ್ತುಹಾಕಿದರೆ, ನಮ್ಮ ಬೇಸಿಗೆಯಲ್ಲಿ ಆ ಮೋಟಾರು ಹೆಚ್ಚು ಕಾಲ ಬಾಳುವುದಿಲ್ಲ. ಎಲ್ಲವನ್ನೂ ಕೂರಿಸಿದ ಮೇಲೆ ಡ್ಯಾಶ್‌ಬೋರ್ಡ್ ಮುಚ್ಚುವ ಮುನ್ನ ಬ್ಲೋವರನ್ನು ಕೊನೆಯ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ಡಿ.ಸಿ. ಅಳೆಯುವ ಕ್ಲಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಬೇಕು. ಬಳಿಕ ಬ್ಲೋವರನ್ನು ನಿಲ್ಲಿಸಿ ಕನೆಕ್ಟರನ್ನು ಮುಟ್ಟಿದಾಗ ಅದು ಬೆಚ್ಚಗಿದ್ದರೆ ಅಡ್ಡಿಯಿಲ್ಲ, ಬೆರಳು ಇಡಲಾಗದಷ್ಟು ಕಾದಿದ್ದರೆ ಪಿನ್ನುಗಳನ್ನು ಅಂದೇ ಬದಲಿಸಬೇಕು.